ನೀರಿಗಿಳಿಯುವ ಮುನ್ನ

ರಜೆ ಅನ್ನುವ ಮಾತು ನಮ್ಮ ಕೇರಿಗೆ ಬಂದದ್ದು ಇಸ್ಕೂಲಿನ ಬಾಗಿಲಿಂದ. ಅದಕ್ಕೆ ಮುಂಚೆ ನಮ್ಮಲ್ಲಿ ಇದ್ದದ್ದು ಎರಡೇ ಥರದ ದಿನ: ಕೂಲಿ ಇದ್ದ ದಿನ, ಕೂಲಿ ಇಲ್ಲದ ದಿನ. ಕೂಲಿ ಇಲ್ಲದ ದಿನಕ್ಕೆ ಯಾರೂ ರಜೆ ಅನ್ನಲಿಲ್ಲ, ಉಪವಾಸ ಅಂದರು. ನಮ್ಮ ತಾತಂದಿರು ಊರು ಬಿಟ್ಟು ಹೋದದ್ದುಂಟು. ಬರಗಾಲಕ್ಕೆ ಗುಳೆ ಹೋದರು, ಸಾಲಕ್ಕೆ ಜೀತ ಹೋದರು, ಇಟ್ಟಿಗೆ ಗೂಡಿಗೆ ಹೋದರು. ವಾಪಸ್ಸು ಬರುವ ದಿನ ಗೊತ್ತುಮಾಡಿಕೊಂಡು, ನಗುನಗುತ್ತಾ ಊರು ಬಿಟ್ಟವರು ಒಬ್ಬರೂ ಇಲ್ಲ.

ಇಂಥ ವಂಶದ ನಾವು ಏಳು ಜನ, ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ, ರಾತ್ರಿ ಮುದ್ದೆ ಉಂಡು ಫೋನು ನಡುವೆ ಇಟ್ಟುಕೊಂಡು ಎಂಟು ದಿನ ಜಗಳವಾಡಿದೆವು. ಜಗಳದ ವಿಷಯ ಇಷ್ಟೆ: ಬೇಸಿಗೆ ರಜೆಗೆ ಬಿಡದಿಯ ವಂಡರ್‌ಲಾಕ್ಕೆ ಹೋಗುವುದೋ, ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗುವುದೋ. ನಗುವವರು ನಗಲಿ. ಉಳ್ಳವರ ಮನೆಯಲ್ಲಿ ಇದು ಕಾಫಿ ಆರುವಷ್ಟರಲ್ಲಿ ಮುಗಿಯುವ ಮಾತು. ನಮ್ಮಲ್ಲಿ ಅದು ಕೆರೆ ಬಾವಿ ಸುತ್ತಿ ಸಂವಿಧಾನದವರೆಗೂ ಹೋಯಿತು.

ಶುರು ಮಾಡಿದವಳು ಅಕ್ಕನ ಮಗಳು, ಆರನೇ ಕ್ಲಾಸು. ಅವಳ ಇಸ್ಕೂಲಿನವರು ಮಕ್ಕಳನ್ನು ನೀರಾಟದ ಪಾರ್ಕಿಗೆ ಟ್ರಿಪ್ಪು ಕರೆದುಕೊಂಡು ಹೋದರು. ದುಡ್ಡು ಕಟ್ಟಿದವರು ಹೋದರು. ಕಟ್ಟದವರಿಗೆ ಅವತ್ತು ಬರಬೇಡಿ ಅಂದರು. ಯಾರೂ ಜಾತಿ ಕೇಳಲಿಲ್ಲ, ನಿಜ. ಆದರೆ ಅವತ್ತು ಕೇರಿಯ ಬೀದಿಯಲ್ಲಿ ಗೋಲಿ ಆಡುತ್ತಾ ಉಳಿದ ಮಕ್ಕಳನ್ನು ನೋಡಿದ್ದರೆ ಸಾಕಿತ್ತು, ಕೇಳುವ ಅಗತ್ಯವೇ ಇರಲಿಲ್ಲ. ಮಾರನೆಯ ದಿನ ಹೋಗಿಬಂದ ಮಕ್ಕಳು ಕಥೆ ಹೇಳಿದರು, ಇವಳು ಕೇಳಿದಳು. ಮನೆಗೆ ಬಂದವಳು, ‘ಮಾಮಾ, ನಾವೇ ಹೋಗಾನ. ಎಲ್ರೂ ಹೋಗಾನ’ ಅಂದಳು. ಅದೇ ಹೊತ್ತಿಗೆ ಅಮ್ಮನ ಚೀಟಿ ಎದ್ದಿತ್ತು, 30,000 ರೂಪಾಯಿ. ಅಮ್ಮ ಸೀರೆ ಕೊಳ್ಳಲಿಲ್ಲ, ಮೇಕೆ ಕೊಳ್ಳಲಿಲ್ಲ. ‘ಮಗಾ ಕೇಳವ್ಳೆ, ನೋಡ್ರಿ’ ಅಂದಳು.

ಫೋನಿನಲ್ಲಿ ಹುಡುಕಿ ಓದಿ ಹೇಳುವ ಕೆಲಸ ನಮ್ಮ ಪಾಲಿಗೆ ಬಿತ್ತು. ಆ ಮನೆಯಲ್ಲಿ ಡಿಗ್ರಿ ಮುಟ್ಟಿದವರು ನಾವೇ ಮೊದಲು.

ರಾಮೋಜಿ ಪಕ್ಷ ಅಪ್ಪನದು. ಅಪ್ಪ ಗಾರೆ ಕೆಲಸದವನು. ಹೈದರಾಬಾದಿನಿಂದ ವಿಜಯವಾಡಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಆ ಸಿನಿಮಾ ನಗರ 1996ರಲ್ಲಿ ಶುರುವಾದದ್ದು. ಕಟ್ಟಿಸಿದವರು ಈನಾಡು ಪತ್ರಿಕೆಯ ರಾಮೋಜಿ ರಾವ್, 2024ರಲ್ಲಿ ತೀರಿಕೊಂಡರು. 1,666 ಎಕರೆ. ಜಗತ್ತಿನ ಅತಿ ದೊಡ್ಡ ಫಿಲ್ಮ್ ಸ್ಟುಡಿಯೋ ಎಂದು ಗಿನ್ನೆಸ್ ಪುಸ್ತಕ ಸೇರಿದೆ. ಒಳಗೇ ಸಿತಾರಾ, ತಾರಾ ಎಂಬ ಹೋಟೆಲುಗಳಿವೆ. ರಾತ್ರಿ ಉಳಿದು, ಬೆಳಿಗ್ಗೆ ಬಸ್ಸಿನಲ್ಲಿ ಕೂತು ಸುಳ್ಳು ಬೀದಿ, ಸುಳ್ಳು ರೈಲ್ವೆ ಸ್ಟೇಷನ್ನು, ಬಾಹುಬಲಿಯ ಸುಳ್ಳು ಅರಮನೆ ಎಲ್ಲ ನೋಡಬಹುದು.

ನಮಗೆ ಅರಮನೆ ಅಂದರೇ ಮೈ ಉರಿ. ಆ ಸಿನಿಮಾ ಅರಮನೆಗಳಲ್ಲಿ ನಮ್ಮಂಥವರಿಗೆ ಇರುವ ಪಾತ್ರವಾದರೂ ಯಾವುದು? ಗುಂಪಿನಲ್ಲಿ ನಿಂತು ಜೈ ಅನ್ನುವುದು, ಈಟಿ ತಗುಲಿ ಬೀಳುವುದು. ನಮ್ಮ ಜಿಲ್ಲೆಗಂತೂ ಈ ರುಚಿ ಚೆನ್ನಾಗಿ ಗೊತ್ತು. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಭೂಮಿಯ ಹೊಟ್ಟೆಯೊಳಕ್ಕೆ ಇಳಿದು ದುಡಿದವರಲ್ಲಿ ಬಹುಪಾಲು ದಲಿತರು. 2018ರಲ್ಲಿ ಅದೇ ಹೆಸರಿನ ಸಿನಿಮಾ ಬಂತು, ಗಣಿ ಉಗುಳಿಬಿಟ್ಟ ಸೈನೈಡ್ ದಿಬ್ಬದ ಮೇಲೆ ಸೆಟ್ಟು ಹಾಕಿದರು. ಸಿನಿಮಾ ದೇಶ ಗೆದ್ದಿತು. ಗಣಿಯವರ ಮಕ್ಕಳು ಇವತ್ತಿಗೂ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಹೀಗೆಲ್ಲ ಭಾಷಣ ಬಿಗಿದ ಮೇಲೆ ಅಪ್ಪ ಬೀಡಿ ಆರಿಸಿ ಒಂದೇ ಮಾತು ಹೇಳಿದ. ‘ಮೂವತ್ತು ವರ್ಷ ನಿಜವಾದ ಗೋಡೆ ಕಟ್ಟಿವ್ನಿ. ಗೃಹಪ್ರವೇಶದ ದಿನ ಒಳಕ್ಕೆ ಬಾ ಅಂದೋರು ಯಾರೂ ಇಲ್ಲ. ಈ ಸುಳ್ಳು ಗೋಡೆ ಹೆಂಗ್ ನಿಲ್ಲಿಸವ್ರೆ ಅಂತ ಹಿಂದ್ಗಡೆ ಹೋಗಿ ಒಂದ್ಸಲ ನೋಡ್ಬೇಕು.’ ಪದ್ಯ ಬರೆಯುವ ನಮ್ಮಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಬಿಡದಿ ಪಕ್ಷ ಮಕ್ಕಳದು. ವಂಡರ್‌ಲಾ ಬಾಗಿಲು ತೆರೆದದ್ದು 2005ರಲ್ಲಿ, ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ. 82 ಎಕರೆ. ಅಲೆ ಏಳುವ ಕೊಳ, ಜಾರುಬಂಡೆ, ತಲೆಕೆಳಗಾಗಿ ಓಡುವ ರೈಲು. 2012ರಲ್ಲಿ ಪಕ್ಕದಲ್ಲೇ 84 ಕೋಣೆಯ ರೆಸಾರ್ಟ್ ಕಟ್ಟಿದರು. ಅಲ್ಲಿ ಮಕ್ಕಳ ಟಿಕೆಟ್ಟಿಗೆ ಎತ್ತರ ಲೆಕ್ಕ. 140 ಸೆಂಟಿಮೀಟರಿನ ಒಳಗಿದ್ದರೆ ಮಕ್ಕಳ ಟಿಕೆಟ್ಟು. ಮೈ ಜುಮ್ಮೆನ್ನಿಸುವ ದೊಡ್ಡ ಆಟಗಳಿಗೆ ಮಾತ್ರ 140 ಇರಲೇಬೇಕು. ಅಪ್ಪ ಕೆಲಸದ ಟೇಪು ತಂದು ಮೊಮ್ಮಗಳನ್ನು ಗೋಡೆಗೆ ನಿಲ್ಲಿಸಿ ಅಳೆದ. 138. ಅಕ್ಕನಿಗೆ ದುಡ್ಡು ಉಳಿದ ಖುಷಿ. ಅವಳಿಗೆ ಅಳು. ಇನ್ನೊಂದು ಸಲ ಅಳೀರಿ ಅಂತ ಹಿಮ್ಮಡಿ ಎತ್ತಿ ನಿಂತಳು.

ಆ ಗೋಡೆಯ ಗೀಟು ನೋಡುತ್ತಾ ನಮಗೆ ಹೊಳೆದದ್ದು ಇದು: ನಮ್ಮ ಕೇರಿಯ ಮಗುವನ್ನು ಊರು ಇದುವರೆಗೆ ಬೇರೆ ಅಳತೆಯಲ್ಲೇ ಅಳೆದಿದೆ. ಅಪ್ಪನ ಹೆಸರೇನು, ಯಾವ ಬೀದಿ, ಯಾವ ಜನ. ತಾಲೂಕು ಕೇಂದ್ರದಲ್ಲಿ ಬಾಡಿಗೆ ಕೋಣೆ ಹುಡುಕಿದಾಗ ನಮ್ಮನ್ನು ಅಳೆದದ್ದೂ ಅದೇ ಕೋಲಿನಿಂದ. ಹಾಲು ಕುಡಿದು, ಮೊಟ್ಟೆ ತಿಂದು ಮುಂದಿನ ವರ್ಷ ಗೆಲ್ಲಬಹುದಾದ ಅಳತೆಯನ್ನು ಅವಳು ಕಂಡದ್ದು ಇದೇ ಮೊದಲು.

ಅಮ್ಮ ಅಷ್ಟೂ ದಿನ ಯಾವ ಪಕ್ಷಕ್ಕೂ ಸೇರಿರಲಿಲ್ಲ. ಏಳನೇ ರಾತ್ರಿ ಕೇಳಿದಳು: ‘ಆ ಕೊಳಕ್ಕೆ ಎಲ್ರೂ ಒಟ್ಗೇ ಇಳೀತಾರಾ?’

ಹೂಂ ಅಂದೆವು.

‘ಯಾರು ಏನು ಅಂತ ಕೇಳಲ್ವಾ?’

ಕೇಳಲ್ಲ. ಆದರೆ ಸೀರೆ ಉಟ್ಟು ಇಳಿಯುವ ಹಾಗಿಲ್ಲ, ಹತ್ತಿ ಬಟ್ಟೆಯೂ ಆಗದು, ನೈಲಾನ್ ಬಟ್ಟೆ ತೊಡಬೇಕು, ಎಲ್ಲರಿಗೂ ಒಂದೇ ಕಾನೂನು ಎಂದು ಓದಿ ಹೇಳಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಗೌಡ್ತಿಗೂ ಅದೇನಾ?’

‘ಗೌಡ್ತಿಗೂ ಅದೇ.’

ಅಮ್ಮ ನಕ್ಕ ನಗುವಿಗೆ ಮಲಗಿದ್ದ ನಾಯಿ ಎದ್ದು ಕೂತಿತು.

ಗೆಳೆಯರೆ, ಆ ನಗುವಿನ ಹಿಂದೆ ಎಷ್ಟು ನೀರು ಹರಿದಿದೆ ಗೊತ್ತೆ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜತೆ ಮಹಾಡಿನ ಚವದಾರ್ ಕೆರೆಗೆ ನಡೆದು ಬೊಗಸೆ ನೀರು ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಗೆ ಸಗಣಿ ಗಂಜಲ ಸುರಿದು ‘ಶುದ್ಧ’ ಮಾಡಿದರು. ಹಕ್ಕು ನಮ್ಮದೆಂದು ಬೊಂಬಾಯಿ ಹೈಕೋರ್ಟು ಹೇಳುವ ಹೊತ್ತಿಗೆ 1937 ಬಂದಿತ್ತು. ಅದು ಹಳೇ ಕಾಲ ಅನ್ನುತ್ತೀರಾ? 2022ರ ನವೆಂಬರಿನಲ್ಲಿ ಚಾಮರಾಜನಗರದ ಹೆಗ್ಗೋಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗಂಜಲದಲ್ಲಿ ತೊಳೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ನಮ್ಮದೇ ಜಿಲ್ಲೆ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ, ದೇವರ ಕೋಲು ಮುಟ್ಟಿದ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಲೆಕ್ಕ ಹಾಕಿ ನೋಡಿ. ಒಂದು ಕೋಲು ಮುಟ್ಟಿದ ಬೆಲೆ, ಏಳು ಜನರ ನಮ್ಮ ರಜೆಯ ಎರಡರಷ್ಟು.

ಇನ್ನೊಂದು ತಮಾಷೆ ಕೇಳಿ. ನಮ್ಮದು ವರ್ಷಪೂರ್ತಿ ಹರಿಯುವ ನದಿ ಇಲ್ಲದ ಸೀಮೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅದು ಬೆಂಗಳೂರಿನ ಅಷ್ಟೂ ಜಾತಿಯ ಬಚ್ಚಲು ಕಕ್ಕಸು ದಾಟಿ ಬಂದ ನೀರು. ಅದು ಕೆರೆಗೆ ಬಿದ್ದ ದಿನ ಊರ ಯಜಮಾನರು ಯಾರೂ ಮೈಲಿಗೆ ಅನ್ನಲಿಲ್ಲ. ಯಾವ ಗಂಜಲವೂ ಬರಲಿಲ್ಲ. ಮೈಲಿಗೆ ಇರುವುದು ನೀರಿನಲ್ಲಲ್ಲ, ಬಗ್ಗಿ ಕುಡಿಯುವ ಬೊಗಸೆಯನ್ನು ನೋಡುವ ಕಣ್ಣಿನಲ್ಲಿ.

ಸಂವಿಧಾನದ 15ನೇ ವಿಧಿಯ ಎರಡನೇ ಖಂಡವನ್ನು ಆ ರಾತ್ರಿ ಮನೆಯವರಿಗೆ ಓದಿ ಹೇಳಿದೆವು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿ ಅಲ್ಲಿದೆ. ಮೊದಲ ಸಾಲಿನಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ. ಎರಡನೇ ಸಾಲಿನಲ್ಲಿ ಸರ್ಕಾರದ ದುಡ್ಡಿನಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಬಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಅಂದರೆ ಬಿಡದಿಯ ಕೊಳವೂ ನಮ್ಮೂರ ಕೆರೆಯೂ ಒಂದೇ ಖಂಡದ ಅಕ್ಕಪಕ್ಕದ ಸಾಲುಗಳು. 1950ರಿಂದ ಎರಡಕ್ಕೂ ಒಂದೇ ಕಾನೂನು. ಮೊದಲ ಸಾಲನ್ನು ವ್ಯಾಪಾರಿ ಪಾಲಿಸುತ್ತಾನೆ, ಯಾಕೆಂದರೆ ನಮ್ಮ ನೋಟಿನ ಮೇಲೆ ಜಾತಿ ಬರೆದಿಲ್ಲ. ಎರಡನೇ ಸಾಲಿನಲ್ಲಿ ಯಾರಿಗೂ ಲಾಭ ಇಲ್ಲ. ಅದಕ್ಕೇ ಅದು ಪುಸ್ತಕದಲ್ಲೇ ಉಳಿದಿದೆ.

ಹಾಗಂತ ಟಿಕೆಟ್ಟಿನ ಗೇಟನ್ನು ಸಮಾನತೆಯ ಹೆಬ್ಬಾಗಿಲು ಎಂದು ನಾವು ಪೂಜೆ ಮಾಡುವುದಿಲ್ಲ. ಅದು ಜಾತಿ ಕೇಳುವುದಿಲ್ಲ, ದುಡ್ಡು ಕೇಳುತ್ತದೆ. ಜಾತಿ ಯಾರ ಕೈಯಲ್ಲಿ ದುಡ್ಡು ನಿಲ್ಲದ ಹಾಗೆ ಮಾಡಿದೆಯೋ ಅವರನ್ನು ಬಾಯಿ ಬಿಡದೆ ಹೊರಗೆ ನಿಲ್ಲಿಸುತ್ತದೆ. ಚೀಟಿ ಎದ್ದಿರದಿದ್ದರೆ ನಾವೂ ಹೊರಗೇ. ಅಂಥ ಪಾರ್ಕುಗಳ ಒಳಗೆ ನಸುಕಿನಲ್ಲಿ ಕಸ ಹೊಡೆಯುವ, ಕಕ್ಕಸು ತೊಳೆಯುವ ಕೈ ಯಾರದು ಎಂದು ನೋಡದೆ ಬರುವುದೂ ಇಲ್ಲ. ಆದರೂ ಹೋಗುತ್ತೇವೆ. ಮಕ್ಕಳ ಆಟ ಸಣ್ಣ ವಿಷಯ ಅಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಟೀವಿಯಲ್ಲಿ ಜಾಹೀರಾತು ನೋಡಿ ಫನ್‌ಟೌನ್ ಎಂಬ ಪಾರ್ಕಿಗೆ ಹೋಗಬೇಕೆಂದ ಆರು ವರ್ಷದ ಮಗಳಿಗೆ ‘ಅದು ಕರಿಯರ ಮಕ್ಕಳಿಗಲ್ಲ’ ಎಂದು ವಿವರಿಸಲು ನಾಲಗೆ ತೊಡರಿದ್ದನ್ನು ಬರೆದಿದ್ದಾರೆ. ಅಷ್ಟು ದೊಡ್ಡ ಹೋರಾಟಗಾರನಿಗೂ ಆ ಪತ್ರದಲ್ಲಿ ಪಾರ್ಕಿನ ಗೇಟು ಸಣ್ಣದು ಅನ್ನಿಸಲಿಲ್ಲ.

ಕೊನೆಗೆ ತೀರ್ಮಾನ ಅಮ್ಮನದೇ. ಹೈದರಾಬಾದಿಗೆ ಹೋಗಿಬರಲು ನಾಲ್ಕು ದಿನ, ಮೂವರ ಕೂಲಿ ಖೋತಾ. ಬಿಡದಿಗಾದರೆ ಬಸ್ಸು, ಎರಡೇ ದಿನ. ರಾತ್ರಿ ವಾಪಸ್ಸು ಬಂದರೆ ದುಡ್ಡು ಉಳಿಯುತ್ತದೆ ಎಂದು ಭಾವ ಹೇಳಿದಾಗ ಅಮ್ಮ ಒಪ್ಪಲಿಲ್ಲ. ಅಮ್ಮ ಕಲ್ಯಾಣ ಮಂಟಪದಲ್ಲಿ ಕಸ ಹೊಡೆದು, ಮದುವೆಗೆ ಬಂದವರು ಮಲಗೆದ್ದ ಹಾಸಿಗೆ ಮಡಚುವವಳು. ‘ಒಂದು ರಾತ್ರಿ ಬೇರೆಯೋರು ಹಾಸಿದ ಹಾಸಿಗೆ ಮೇಲೆ ಮಲಗ್ಬೇಕು ಕಣಪ್ಪಾ. ಬೆಳಿಗ್ಗೆ ಮಡಚಲ್ಲ, ಹಂಗೇ ಬಿಟ್ ಬತ್ತೀನಿ’ ಅಂದಳು. ಎರಡು ಕೋಣೆ, ಒಂದು ರಾತ್ರಿ. ಅಪ್ಪನ ಸುಳ್ಳು ಗೋಡೆಗಳಿಗಾಗಿ ಹೊಸ ಚೀಟಿ ಶುರುವಾಗಿದೆ. ಮೊದಲ ಕಂತು ನಮ್ಮದು.

ಹಳ್ಳಿಯ ಮೇಷ್ಟ್ರುಗಳಲ್ಲಿ, ಓದುವ ಗೆಳೆಯರಲ್ಲಿ ಎರಡು ಮಾತು. ನಿಮ್ಮ ಶಾಲೆಯಿಂದ ಟ್ರಿಪ್ಪು ಹೊರಟರೆ ದುಡ್ಡು ಕಟ್ಟದ ಮಗುವನ್ನು ಬಿಟ್ಟು ಹೊರಡಬೇಡಿ. ಊರವರನ್ನು ಕೇಳಿ, ಹಳೇ ವಿದ್ಯಾರ್ಥಿಗಳನ್ನು ಕೇಳಿ, ಆಗದಿದ್ದರೆ ಎಲ್ಲರೂ ಹೋಗಬಹುದಾದ ಹತ್ತಿರದ ಜಾಗಕ್ಕೆ ಹೋಗಿ. ಬಸ್ಸು ಹತ್ತುವ ಮುಂಚೆ ಮಕ್ಕಳನ್ನು ನಿಲ್ಲಿಸಿ ಆ ಎರಡನೇ ಖಂಡವನ್ನು ಗಟ್ಟಿಯಾಗಿ ಓದಿಸಿ, ಎರಡೂ ಸಾಲನ್ನು. ಬಿಡದಿಯ ಕೊಳದಲ್ಲಿ ಒಬ್ಬರ ಮೇಲೊಬ್ಬರು ನೀರೆರಚಿ ಬಂದ ಮಕ್ಕಳು ನಾಳೆ ಊರ ತೊಂಬೆಯ ಮುಂದೆ ನಿಂತು ‘ಇಲ್ಲಿ ಯಾಕೆ ಬೇರೆ?’ ಎಂದು ಕೇಳಲಿ. ಕೇಳುವ ಮಗು ಕೇರಿಯದೇ ಆಗಬೇಕೆಂದಿಲ್ಲ. ಊರ ಮಗು ಕೇಳಿದರೆ ಇನ್ನೂ ಒಳ್ಳೆಯದು.