ಮೊಮ್ಮಗಳೊಂದಿಗೆ ಶಿಖರಜಿ ವಂದನೆ

ಶ್ರೀ ಸಮ್ಮೇದ ಶಿಖರಜಿಯ ವಂದನೆಯನ್ನು ನಾನು ಮೊದಲ ಸಲ ಮಾಡಿದ್ದು ೧೯೮೪ರಲ್ಲಿ. ಆಗ ನನಗೆ ೨೭ ವರುಷ. ನಮ್ಮ ತಂದೆಯವರು ಡೋಲಿಯಲ್ಲಿ ಬಂದರು, ನಾನು ಅವರ ಮುಂದೆ ಮುಂದೆ ಓಡುತ್ತ ಬೆಟ್ಟ ಏರಿದೆ. ಇನ್ನೊಬ್ಬರ ಹೆಗಲ ಮೇಲೆ ಕುಳಿತು ಬರುವುದೂ ಒಂದು ಯಾತ್ರೆಯೇ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ ಪುಣ್ಯ.

ಆಮೇಲೆ ಅಡತಿ ಅಂಗಡಿ, ಮಕ್ಕಳ ಮದುವೆ, ಮನೆ ಕಟ್ಟುವುದು ಎನ್ನುತ್ತ ೩೯ ವರುಷ ಕಳೆದುಹೋದವು. ೨೦೨೩ರ ನವೆಂಬರ್‌ನಲ್ಲಿ ದೀಪಾವಳಿ ಮುಗಿದ ಮೇಲೆ ಅಕ್ಕಲಕೋಟೆ ಹಾಗೂ ಜತ್ತ ಕಡೆಯ ೧೪ ಜನ ಬಂಧುಗಳು ಯಾತ್ರೆಗೆ ಹೊರಟಾಗ ನಾನೂ ಹೆಸರು ಹಚ್ಚಿದೆ. ಶಾಲೆಗೆ ರಜೆ ಇದ್ದುದರಿಂದ ಒಂಬತ್ತು ವರುಷದ ಮೊಮ್ಮಗಳು ನಾನೂ ಬರುತ್ತೇನೆಂದು ಹಟ ಹಿಡಿದಳು. ಸೊಸೆಯ ಕೈಯಲ್ಲಿ ಎಳೆಗೂಸು, ಅವಳು ಬರುವಂತಿರಲಿಲ್ಲ. ಮಗನಿಗೋ ಸೋಯಾಬೀನ್ ಆವಕದ ದಿನಗಳು, ಅಂಗಡಿ ಬಿಟ್ಟು ಅಲುಗಾಡುವ ಹಾಗಿಲ್ಲ. "ಅಪ್ಪಾ, ನಿಮಗ ಶುಗರ್ ಐತಿ. ನಿಮ್ಮನ್ನ ನೋಡ್ಕೊಳ್ಳೂದೋ, ಕೂಸಿನ್ನ ನೋಡ್ಕೊಳ್ಳೂದೋ?" ಎಂದು ಅವನು ಕೇಳಿದ್ದು ನನಗೆ ಸಿಟ್ಟು ತರಿಸಿತು. ನನ್ನ ತಂಗಿ ಜೊತೆಗಿರುತ್ತಾಳೆ ಎಂದು ಹೇಳಿ ಬಾಯಿ ಮುಚ್ಚಿಸಿದೆ. ಕೂಸು ಬೆಟ್ಟಕ್ಕೆ ಹೊಸಬಳೇನೂ ಅಲ್ಲ. ಆರು ವರುಷದವಳಿದ್ದಾಗಲೇ ಶ್ರವಣಬೆಳಗೊಳದ ವಿಂಧ್ಯಗಿರಿ ಏರಿದ್ದಾಳೆ. ನಮಗೆ ಸಮೀಪದ ಕುಂಥಲಗಿರಿಗಂತೂ ವರುಷಕ್ಕೊಮ್ಮೆ ಹೋಗುವವಳೇ. ಕುಲಭೂಷಣ ದೇಶಭೂಷಣ ಮುನಿಗಳು ಮೋಕ್ಷ ಪಡೆದ, ಆಚಾರ್ಯ ಶಾಂತಿಸಾಗರ ಮಹಾರಾಜರು ೧೯೫೫ರಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಆ ಬೆಟ್ಟವನ್ನು ಅವಳು ಆಟವಾಡುತ್ತ ಏರುತ್ತಾಳೆ.

ಸೊಲ್ಲಾಪುರದಿಂದ ಕಲ್ಯಾಣ, ಅಲ್ಲಿ ಗಾಡಿ ಬದಲಿಸಿ ಗಯಾ ಮಾರ್ಗವಾಗಿ ಪಾರಸನಾಥ ಸ್ಟೇಶನ್. ನಾನು ಮೊದಲು ಹೋದಾಗ ಅದು ಬಿಹಾರದಲ್ಲಿತ್ತು, ೨೦೦೦ದಿಂದ ಝಾರಖಂಡ ರಾಜ್ಯ, ಗಿರಿಡೀಹ ಜಿಲ್ಲೆ. ಸ್ಟೇಶನ್ನಿನಿಂದ ಜೀಪಿನಲ್ಲಿ ಮಧುವನ ತಲುಪುವಾಗ ಬೆಟ್ಟ ಕಣ್ಣಿಗೆ ಬಿತ್ತು. ಆ ರಾಜ್ಯದಲ್ಲೇ ಅತಿ ಎತ್ತರದ ಬೆಟ್ಟವದು, ಸಮುದ್ರಮಟ್ಟದಿಂದ ಸುಮಾರು ೪,೪೮೦ ಅಡಿ. ತುದಿಯಲ್ಲಿ ಪಾರ್ಶ್ವನಾಥರ ಟೋಂಕಿನ ದೇಗುಲ ಬಿಳಿ ಚುಕ್ಕೆಯಂತೆ ಕಾಣುತ್ತದೆ. "ಅಷ್ಟ ದೂರ?" ಎಂದು ಕೂಸು ಕೇಳಿತು. "ಅಷ್ಟೇ ಅಲ್ಲ, ಅದಕ್ಕಿಂತ ಜಾಸ್ತಿ" ಎಂದೆ. ಏರುವುದು ೯ ಕಿ.ಮೀ., ಮೇಲೆ ಟೋಂಕುಗಳನ್ನು ಸುತ್ತುವುದು ೯ ಕಿ.ಮೀ., ಇಳಿಯುವುದು ೯ ಕಿ.ಮೀ., ಒಟ್ಟು ೨೭ ಕಿ.ಮೀ.; ಅದೂ ಬರಿಗಾಲಲ್ಲಿ.

ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ೨೦ ಜನರ ನಿರ್ವಾಣವಾದದ್ದು ಈ ಬೆಟ್ಟದ ಮೇಲೆ. ಆದಿನಾಥರದು ಕೈಲಾಸದಲ್ಲಿ, ವಾಸುಪೂಜ್ಯರದು ಚಂಪಾಪುರಿಯಲ್ಲಿ, ನೇಮಿನಾಥರದು ಗಿರನಾರದಲ್ಲಿ, ಮಹಾವೀರರದು ಪಾವಾಪುರಿಯಲ್ಲಿ. ಆ ನಾಲ್ವರ ಹೆಸರಿನ ಟೋಂಕುಗಳೂ ಇಲ್ಲಿವೆ, ಗೌತಮ ಗಣಧರರದೂ ಇದೆ. ನಮ್ಮ ಲೆಕ್ಕಕ್ಕೆ ೨೫ ಟೋಂಕುಗಳ ವಂದನೆ. ಮೊಮ್ಮಗಳು ಓದುವುದು ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಕಲಿಸಿದವನು ನಾನೇ. ಯಾತ್ರೆಗೆಂದು ಒಂದು ಸಣ್ಣ ವಹಿ ಹೊಲಿದು ಕೊಟ್ಟು, ಪ್ರತಿ ಟೋಂಕಿನ ಹೆಸರನ್ನು ಅಲ್ಲಿಯೇ ನಿಂತು ಕನ್ನಡದಲ್ಲಿ ಬರೆಯಬೇಕೆಂದು ಕರಾರು ಮಾಡಿದ್ದೆ. ಒಂದು ಹೆಸರಿಗೆ ಒಂದು ರೂಪಾಯಿ. ವ್ಯಾಪಾರಸ್ಥರ ಮನೆಯ ಕೂಸು, ತಪ್ಪಿಲ್ಲದೆ ಬರೆದರೆ ಎರಡು ರೂಪಾಯಿ ಎಂದು ದರ ಏರಿಸಿಕೊಂಡಿತು.

ಮಧುವನದ ಧರ್ಮಶಾಲೆಯಲ್ಲಿ ಆ ಸಂಜೆ ಒಂದು ಸಣ್ಣ ಜಗಳವಾಯಿತು. ಕೂಸಿನ ಚೀಲ ತೆಗೆದು ನೋಡಿದರೆ ಸೊಸೆ ಒಂದು ಡಬ್ಬಿಯಲ್ಲಿ ಬೆಲ್ಲದ ತುಣುಕು, ಶೇಂಗಾ ಚಿಕ್ಕಿ ಕಟ್ಟಿದ್ದಳು. ಶಿಖರಜಿಯ ಮೇಲೆ ಅನ್ನ ನೀರು ಮುಟ್ಟದೆ ವಂದನೆ ಮಾಡುವುದು ನಮ್ಮ ಹಿರಿಯರ ರೂಢಿ. ಮಕ್ಕಳಿಗೆ ಮುದುಕರಿಗೆ ಅದರಲ್ಲಿ ಸಡಿಲಿಕೆ ಉಂಟು, ಆದರೆ ನನ್ನನ್ನು ನಾನು ಮುದುಕರ ಪಟ್ಟಿಯಲ್ಲಿ ಸೇರಿಸಿರಲಿಲ್ಲ. "ನಿನಗ ಬೇಕಾದ್ರ ಕಟ್ಟಿಕೋ, ನನ್ನ ಮುಂದ ಮಾತ್ರ ಬಿಚ್ಚಬ್ಯಾಡ" ಎಂದು ಗದರಿಸಿದೆ. ಕೂಸು ಮುಖ ಊದಿಸಿಕೊಂಡು ಮಲಗಿತು. ಹೊರಗೆ ಡೋಲಿಯವರು ನಾಳೆಯ ಗಿರಾಕಿಗಾಗಿ ಕಾಯುತ್ತಿದ್ದರು. ಡೋಲಿಯ ಬಾಡಿಗೆ ಕುಳಿತವರ ತೂಕದ ಮೇಲೆ. ಹುಡುಗಿಗೆ ಒಂದು ಮಾಡಿಬಿಡಿ ಎಂದು ತಂಗಿ ಹೇಳಿದಳು. ಕೂಸು ಒಲ್ಲೆ ಎಂದಿತು. ನನ್ನ ಮಾತಂತೂ ಯಾರೂ ಎತ್ತಲಿಲ್ಲ, ಎತ್ತಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ರಾತ್ರಿ ಎರಡೂವರೆಗೆ ಎದ್ದು ಸ್ನಾನ ಮಾಡಿ ಶುಭ್ರ ಬಟ್ಟೆ ಉಟ್ಟೆವು. ನನ್ನ ನಿಯಮದಲ್ಲಿ ಔಷಧಕ್ಕೆ ನೀರಿನ ವಿನಾಯಿತಿ ಇದೆ. ಕಾಯಿಸಿ ಸೋಸಿದ ನೀರಿನಲ್ಲಿ ಎಂದಿನಂತೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದೆ. ಮನೆಯಲ್ಲಿ ಗುಳಿಗೆ ತೆಗೆದುಕೊಂಡ ಅರ್ಧ ತಾಸಿಗೆ ನಾಷ್ಟಾ ಮಾಡುತ್ತೇನೆ, ಇಲ್ಲಿ ಮಧ್ಯಾಹ್ನದ ತನಕ ಏನೂ ಇಲ್ಲ. ಈ ಲೆಕ್ಕ ನನ್ನ ತಲೆಗೆ ಹೊಳೆಯಲೇ ಇಲ್ಲ. ದಿನವೂ ನೂರು ಚೀಲದ ಲೆಕ್ಕ ಇಡುವವನು ಎರಡು ಗುಳಿಗೆಯ ಲೆಕ್ಕ ತಪ್ಪಿದೆ.

ಮೂರು ಗಂಟೆಗೆ ಬಿದಿರಿನ ಕೋಲು, ಬ್ಯಾಟರಿ ಹಿಡಿದು ಹೊರಟೆವು. ಕತ್ತಲಲ್ಲಿ ಮೇಲಿನ ತಿರುವುಗಳವರೆಗೆ ಬ್ಯಾಟರಿಗಳ ಸಾಲು. ಎಲ್ಲ ಭಾಷೆಯ ಜಯಕಾರ ಕೇಳುತ್ತಿತ್ತು: ಹಿಂದಿ, ಗುಜರಾತಿ, ಮರಾಠಿ, ನಡುವೆ ಎಲ್ಲಿಂದಲೋ ತುಮಕೂರು ಕಡೆಯ ಕನ್ನಡ. ಗಂಧರ್ವ ನಾಲೆ ದಾಟಿದ ಮೇಲೆ ದಾರಿ ಎರಡಾಗುತ್ತದೆ, ನಾವು ಸೀತಾ ನಾಲೆಯ ದಾರಿ ಹಿಡಿದೆವು. ಕಲ್ಲು ಪಾದಕ್ಕೆ ಮಂಜುಗಡ್ಡೆಯಂತೆ ತಂಪು. ಖಾಲಿ ಡೋಲಿ ಹೊತ್ತ ಇಬ್ಬರು ಕೆಳಗಿನಿಂದಲೇ ನಮ್ಮ ಬೆನ್ನು ಹತ್ತಿದ್ದರು. ದಣಿದವರು ಎಲ್ಲಾದರೂ ಸಿಕ್ಕೇ ಸಿಗುತ್ತಾರೆಂಬುದು ಅವರ ಅನುಭವ. ನನ್ನನ್ನೇ ನೋಡುತ್ತಾರಲ್ಲ ಎಂದು ಎರಡು ಸಲ ಬೇಡವೆಂದು ಕೈ ಬೀಸಿ ಕಳಿಸಿದೆ. ಅವರು ಹತ್ತು ಹೆಜ್ಜೆ ಹಿಂದಾದರೇ ಹೊರತು ಹೋಗಲಿಲ್ಲ.

ಆಚಾರ್ಯ ಶಾಂತಿಸಾಗರರು ೧೯೨೭-೨೮ರಲ್ಲಿ ನಮ್ಮ ದಕ್ಷಿಣದಿಂದ ಸಂಘ ಸಹಿತ ನಡೆದೇ ಈ ಬೆಟ್ಟಕ್ಕೆ ಬಂದಿದ್ದರೆಂದು ಕೂಸಿಗೆ ಹೇಳುತ್ತ ನಡೆದೆ. "ರೈಲಿನ್ಯಾಗ ಯಾಕ ಬರಲಿಲ್ಲ?" ಎಂದಿತು. ಮುನಿಗಳು ವಾಹನ ಏರುವುದಿಲ್ಲವೆಂದೆ. "ಹಂಗಾದ್ರ ಡೋಲಿ?" ಎಂದು ಕೇಳಿತು. ಅದೂ ಇಲ್ಲವೆಂದು ಬಹಳ ಗತ್ತಿನಿಂದ ಹೇಳಿದೆ.

ಗೌತಮ ಗಣಧರರ ಟೋಂಕು ಮುಟ್ಟಿದಾಗ ಮೂಡಣದಲ್ಲಿ ಕೆಂಪಾಗಿತ್ತು. ಕೆಳಗೆ ಕಾಡಿನ ಮೇಲೆ ಮಂಜು ಅರಳೆ ಹಾಸಿದಂತೆ ಬಿದ್ದಿತ್ತು, ಅದರೊಳಗಿಂದ ಸಣ್ಣ ಗುಡ್ಡಗಳ ತಲೆ ಮಾತ್ರ ಕಾಣುತ್ತಿದ್ದವು. ಅಲ್ಲಿಂದ ಕುಂಥುನಾಥ, ನಮಿನಾಥ, ಅರನಾಥ, ಮಲ್ಲಿನಾಥ ಎಂದು ಒಂದೊಂದೇ ಟೋಂಕು. ಪ್ರತಿಯೊಂದರಲ್ಲೂ ಚರಣ ಪಾದುಕೆಗಳು. ಅಕ್ಕಿ ಏರಿಸಿ ಅರ್ಘ್ಯ ಹೇಳುವುದು, ಕೂಸು ಕಟ್ಟೆಯ ಮೇಲೆ ವಹಿ ಇಟ್ಟು ಬರೆಯುವುದು. ಪುಷ್ಪದಂತರ ಹೆಸರಿನ ಒತ್ತಕ್ಷರದಲ್ಲಿ ಒಂದು ರೂಪಾಯಿ ಕಳೆದುಕೊಂಡಳು. ಅಲ್ಲಿ ನಿಂತಾಗಲೇ, "ಅಂಗಡಿ ಮುಚ್ಚಿ ಮೆರವಣಗಿ ತಗದಿದ್ದರಲ್ಲ, ಇದೇ ಬೆಟ್ಟಕ್ಕೇನು?" ಎಂದು ಕೇಳಿದಳು. ನೆನಪಿಟ್ಟಿದ್ದಳು. ೨೦೧೯ರ ಅಧಿಸೂಚನೆಯಲ್ಲಿ ಪ್ರವಾಸೋದ್ಯಮದ ಮಾತು ಬಂದದ್ದಕ್ಕೆ ದೇಶದ ಸಮಾಜವೆಲ್ಲ ಎದ್ದಿತ್ತು, ೨೦೨೩ರ ಜನವರಿ ೫ರಂದು ಕೇಂದ್ರ ಸರಕಾರ ಅದನ್ನು ತಡೆಹಿಡಿಯಿತು. ಹೌದು, ಇದೇ ಬೆಟ್ಟ ಎಂದೆ.

ಚಂದ್ರಪ್ರಭರ ಟೋಂಕು ಉಳಿದವುಗಳಿಂದ ದೂರ, ಬೆಟ್ಟದ ಒಂದು ಮೂಲೆಗೆ. ಇಳಿದು ಮತ್ತೆ ಏರಬೇಕು. ನಮ್ಮ ಸಂಘದವರು ಮುಂದೆ ನಡೆದಿದ್ದರು, ತಂಗಿಯೂ ಅವರೊಡನೆ. ಏರಿನಲ್ಲಿ ನನ್ನ ಕಾಲು ಭಾರವಾದವು. ದಣಿವೆಂದು ತಿಳಿದೆ. ಆಮೇಲೆ ಕೈ ನಡುಗತೊಡಗಿತು, ಎದೆ ಡವಡವ ಎಂದಿತು, ಮುಂದಿನ ಮೆಟ್ಟಿಲು ಎರಡೆರಡಾಗಿ ಕಂಡಿತು. ಒಂದು ಕಲ್ಲಿನ ಮೇಲೆ ಕುಳಿತೆ.

"ಅಜ್ಜಾ, ಇಷ್ಟ ಥಂಡ್ಯಾಗ ನೀ ಯಾಕ ಬೆವರಾಕತ್ತೀ?"

ಕೂಸು ತನ್ನ ಪುಟ್ಟ ಕೈಯಿಂದ ನನ್ನ ಹಣೆ ಮುಟ್ಟಿ ನೋಡಿತು. ಏನೂ ಇಲ್ಲ ಎಂದೆ, ಆದರೆ ನಾಲಿಗೆ ತೊದಲಿತು. ಅವಳು ಮತ್ತೇನೂ ಕೇಳದೆ ಚೀಲ ಬಿಚ್ಚಿ ಬೆಲ್ಲದ ತುಣುಕು ತೆಗೆದಳು. ಬೇಡವೆಂದು ತಲೆ ಅಲ್ಲಾಡಿಸಿದೆ. ಅರ್ಧ ವಂದನೆಯಲ್ಲಿ ರೂಢಿ ಮುರಿಯುವುದೆಂದರೆ ಇಷ್ಟು ದೂರ ಬಂದದ್ದೆಲ್ಲ ವ್ಯರ್ಥ ಎಂದು ಆ ಹೊತ್ತಿನಲ್ಲೂ ತಲೆಯಲ್ಲಿ ಓಡುತ್ತಿತ್ತು.

"ಇರುವಿಗೆ ದಿನಾ ಸಕ್ಕರಿ ಹಾಕ್ತೀ. ನೀ ಒಂದ ತುಣುಕು ಬೆಲ್ಲ ತಿನ್ನಾಕ ಯಾಕ ಒಲ್ಲೆ ಅಂತೀ?" ಎಂದಳು. ನಾನು ಬಾಯಿ ತೆರೆಯಲಿಲ್ಲ. ಆಗ ಅವಳಿಗೆ ಅಳು ಬಂತು. "ನೀ ಇಲ್ಲೇ ಮಲಗಿದ್ರ ನಾ ಒಬ್ಬಾಕಿ ಹೆಂಗ ಕೆಳಗ ಹೋಗ್ಲಿ?"

ಬಾಯಿ ತೆರೆದೆ. ಒಂದು ತುಣುಕು, ಎರಡು, ಆಮೇಲೆ ಅವಳ ಬಾಟಲಿಯ ನೀರು, ಆಮೇಲೆ ಚಿಕ್ಕಿ. ಹತ್ತು ಹದಿನೈದು ನಿಮಿಷಕ್ಕೆ ಮೆಟ್ಟಿಲು ಒಂದೇ ಆಯಿತು. ಅಷ್ಟರಲ್ಲಿ ಡೋಲಿಯವರು ಬಂದು ಡೋಲಿ ಕೆಳಗಿಟ್ಟು ನಿಂತಿದ್ದರು. ಅವರಲ್ಲಿ ಹಿರಿಯನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹಿಂದಿಯಲ್ಲಿ ಎಪ್ಪತ್ತೈದು ಕಿಲೋ ಎಂದ. ಮನೆಯ ಕಾಟಾದಲ್ಲಿ ನಾನು ೭೪. ಕಣ್ಣಳತೆಯಲ್ಲಿ ಚೀಲದ ತೂಕ ಹೇಳುವುದು ನನ್ನ ಜನ್ಮದ ಕಸುಬು, ಇವನು ನನ್ನನ್ನೇ ತೂಗಿಬಿಟ್ಟ. ದರಕ್ಕೆ ಹೆಚ್ಚು ಎಳೆದಾಡಲಿಲ್ಲ.

ಚಂದ್ರಪ್ರಭರ ಟೋಂಕಿನ ಉಳಿದ ಮೆಟ್ಟಿಲನ್ನು ಮಾತ್ರ ಕೂಸಿನ ಹೆಗಲು ಹಿಡಿದು ನಡೆದೇ ಏರಿದೆ. ಅಲ್ಲಿ ದಾರಿ ಕಾಯುತ್ತಿದ್ದ ತಂಗಿ ನನ್ನ ಮುಖ ನೋಡಿ ಗಾಬರಿಯಾದಳು. ಅಲ್ಲಿಂದ ಮುಂದೆ ಡೋಲಿಯಲ್ಲಿ ಕುಳಿತೆ. ಕುಳಿತವನಿಗೆ ಕಾಣುವುದು ಮುಂದೆ ಹೊತ್ತವನ ಬೆನ್ನು, ಅವನ ಕುತ್ತಿಗೆಯ ಮೇಲಿನ ಗಡ್ಡೆಗಟ್ಟಿದ ಚರ್ಮ. ಏರಿನಲ್ಲಿ ಅವನ ಉಸಿರು ಕೇಳುತ್ತದೆ. ೧೯೮೪ರಲ್ಲಿ ನಮ್ಮ ತಂದೆಯವರು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರು, ನಿದ್ದೆ ಎಂದು ನಾನು ನಕ್ಕಿದ್ದೆ. ಜಲಮಂದಿರದ ಬಳಿ ಡೋಲಿ ಇಳಿಸಿ ವಿಶ್ರಾಂತಿಗೆ ಕುಳಿತಾಗ ಆ ಹಿರಿಯನ ಜೊತೆ ಮಾತಾಡಿದೆ. ಅವನು ಸಂತಾಲ ಸಮಾಜದವನು. ಈ ಬೆಟ್ಟ ಅವರಿಗೂ ದೇವರು, ಮರಾಂಗ್ ಬುರು ಎನ್ನುತ್ತಾರೆ. ಎಷ್ಟು ಜನರನ್ನು ಹೊತ್ತಿದ್ದೀ ಎಂದು ಕೇಳಿದರೆ ನಕ್ಕುಬಿಟ್ಟ, ಲೆಕ್ಕ ಇಟ್ಟಿಲ್ಲವಂತೆ.

ಮೊಮ್ಮಗಳು ಒಂದು ಹೆಜ್ಜೆಯನ್ನೂ ಡೋಲಿಯಲ್ಲಿ ಬರಲಿಲ್ಲ. ನನ್ನ ಪಕ್ಕದಲ್ಲೇ ನಡೆಯುತ್ತ, "ಅಜ್ಜಾ, ಎಚ್ಚರದೀಯೇನು?" ಎಂದು ಐದು ನಿಮಿಷಕ್ಕೊಮ್ಮೆ ಕೂಗುತ್ತಿದ್ದಳು. ಕಡೆಯದಾದ ಪಾರ್ಶ್ವನಾಥರ ಟೋಂಕು ಎಲ್ಲಕ್ಕಿಂತ ಎತ್ತರ, ಸುವರ್ಣಭದ್ರ ಕೂಟ. ದೇಗುಲದ ಮೆಟ್ಟಿಲಿನ ಬುಡದಲ್ಲಿ ಡೋಲಿ ನಿಲ್ಲಿಸಿ ನಡೆದು ಏರಿದೆ. ಪಾದುಕೆಗಳ ಮುಂದೆ ತಲೆ ಇಟ್ಟಾಗ ಬಾಯಲ್ಲಿ ಇನ್ನೂ ಬೆಲ್ಲದ ರುಚಿ ಇತ್ತು. ಇಳಿಯುವಾಗಲೂ ಡೋಲಿಯೇ.

"ಮನ್ಯಾಗ ಹೇಳಬ್ಯಾಡ" ಎಂದು ರೈಲಿನಲ್ಲಿ ಕೂಸಿಗೆ ತಾಕೀತು ಮಾಡಿದೆ. ತಂಗಿಗೂ ಹೇಳಿದೆ. ಇಬ್ಬರೂ ಮಾತು ಉಳಿಸಿಕೊಂಡರು. ವಹಿಯ ಹಣ ೪೭ ರೂಪಾಯಿ ಎಣಿಸಿ ಕೊಟ್ಟೆ. ಊರಿಗೆ ಬಂದ ನಾಲ್ಕನೇ ದಿನ ಆ ವಹಿ ಹೇಗೋ ಅಂಗಡಿಯ ಗಾದಿಯ ಮೇಲೆ ಕಿರ್ದಿಗಳ ನಡುವೆ ಸೇರಿಕೊಂಡು ಮಗನ ಕೈಗೆ ಸಿಕ್ಕಿತು. ಪುಟ ತಿರುವುತ್ತ ಹೋದವನು ಒಂದು ಕಡೆ ನಿಂತ. ಚಂದ್ರಪ್ರಭರ ಹೆಸರಿನ ಮುಂದೆ, ನಾನು ಹಣ ಎಣಿಸುವಾಗ ಗಮನಿಸಿರದ ಸಣ್ಣ ಅಕ್ಷರದಲ್ಲಿ, "ಇಲ್ಲಿ ಅಜ್ಜ ಬೆವತ. ಬೆಲ್ಲ ತಿಂದ" ಎಂದಿತ್ತು.

ಮಗ ಒಂದು ಮಾತೂ ಬಯ್ಯಲಿಲ್ಲ. ಆವಕದ ಗದ್ದಲದಲ್ಲೇ ಹಮಾಲರಿಗೆ ಅಂಗಡಿ ಒಪ್ಪಿಸಿ ನನ್ನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಸೊಲ್ಲಾಪುರಕ್ಕೆ ಕರೆದೊಯ್ದ. ಡಾಕ್ಟರರು ಎಲ್ಲ ಕೇಳಿ, ನಾನು ತೆಗೆದುಕೊಳ್ಳುವಂಥ ಗುಳಿಗೆ ನುಂಗಿ ಉಣ್ಣದೆ ಬೆಟ್ಟ ಏರಿದರೆ ಸಕ್ಕರೆ ಒಮ್ಮೆಲೇ ಇಳಿಯುತ್ತದೆ, ಬೆವರು, ನಡುಕ, ಕಣ್ಣು ಮಂಜಾಗುವುದು ಅದರ ಗುರುತು, ಆಗ ಸಿಹಿ ತಿನ್ನದಿದ್ದರೆ ಎಚ್ಚರ ತಪ್ಪುವುದುಂಟು ಎಂದು ತಿಳಿಸಿ ಹೇಳಿದರು. ಉಪವಾಸ ಏಕಾಶನದ ದಿನಗಳನ್ನು ಮೊದಲೇ ಹೇಳಬೇಕೆಂದರು. ಪರ್ಯೂಷಣದ ಹತ್ತು ದಿನಕ್ಕೆ ಗುಳಿಗೆಯ ಬೇರೆ ಚೀಟಿ ಬರೆದುಕೊಟ್ಟರು. ಇಷ್ಟು ವರುಷ ಈ ಮಾತನ್ನು ನಾನೂ ಕೇಳಿರಲಿಲ್ಲ, ನಮ್ಮ ಮನೆಯ ಎಷ್ಟೋ ಹಿರಿಯರೂ ಕೇಳಿರಲಿಕ್ಕಿಲ್ಲ.

ಆ ಚೀಟಿ ಈಗ ಮೊಮ್ಮಗಳ ವಹಿಯೊಳಗೆ, ಚಂದ್ರಪ್ರಭರ ಪುಟದಲ್ಲಿ ಮಡಚಿ ಇದೆ. ವಹಿ ಗಾದಿಯ ಪೆಟ್ಟಿಗೆಯಲ್ಲಿದೆ.