ಎಂಜಿನ್ನಿನ ಬಾಯಿ ತೆರೆಯುವ ಕೆಲಸ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿ ತೆಂಗಿನ ಸೀಮೆ. ಈ ಭಾಗದ ಉಂಡೆಕೊಬ್ಬರಿ ಅರಸೀಕೆರೆ, ತಿಪಟೂರಿನ ಮಾರುಕಟ್ಟೆ ಹಾದು, ಲಾರಿ ಹತ್ತಿ ಉತ್ತರ ಭಾರತಕ್ಕೆ ಹೊರಡುತ್ತದೆ. ಮಾಗಿಯ ಬೆಳಗಿನಲ್ಲೂ ಇಲ್ಲಿ ಲಾರಿ ಹೆಚ್ಚು ಗೋಳಾಡಿಸದೆ ಸ್ಟಾರ್ಟ್ ಆಗುತ್ತದೆ. ಅದೇ ಲಾರಿ ಜನವರಿಯಲ್ಲಿ ದಿಲ್ಲಿಯ ಬಯಲಲ್ಲಿ ರಾತ್ರಿ ಕಳೆದರೆ, ಬೆಳಗಿನ ಜಾವಕ್ಕೆ ಚಳಿ 5 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಗ್ರಿಡ್ ಹೀಟರಿನ ಬೆಲೆ ತಿಳಿಯುವುದು ಆಗ.

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ತತ್ವವೇ ಇಂದಿಗೂ ನಡೆದಿದೆ: ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಅದುಮಿದರೆ ಅದು 500 ಡಿಗ್ರಿ ದಾಟಿ ಕಾಯುತ್ತದೆ, ಆ ಕಾವಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಗಾಳಿಯೂ ಕಬ್ಬಿಣವೂ ತಣ್ಣಗೆ ಕೊರೆಯುತ್ತಿದ್ದರೆ ಕಾವು ಸಾಲದೆ ಬಿಳಿ ಹೊಗೆ ಏಳುತ್ತದೆ. ಅದಕ್ಕೆಂದೇ ಕೆಲವು ಎಂಜಿನ್ನುಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ಬಾಯಲ್ಲೇ, ವಿದ್ಯುತ್ ಒಲೆಯ ಸುರುಳಿಯ ಹಾಗೆ ಕೆಂಪಗೆ ಕಾಯುವ ಲೋಹದ ಪಟ್ಟಿಗಳನ್ನು ಕೂರಿಸಿರುತ್ತಾರೆ. ಗ್ರಿಡ್ ಹೀಟರ್ ಎಂದರೆ ಇದೇ.

ಪರೀಕ್ಷೆಗೆಂದು ಈ ಹೀಟರನ್ನು ಬಿಚ್ಚುವುದರಲ್ಲಿ ಒಂದು ಸೊಗಸಿದೆ.

ಕೈ ಪಳಗಿದ ಮೆಕ್ಯಾನಿಕ್ ಮೊದಲು ಮುಟ್ಟುವುದು ಹೀಟರನ್ನಲ್ಲ, ಬ್ಯಾಟರಿಯನ್ನು. ಹೀಟರಿಗೆ ಹರಿಯುವ ಕರೆಂಟು ನೂರಾರು ಆಂಪಿಯರಿನ ಲೆಕ್ಕದ್ದು; ಸ್ಪ್ಯಾನರ್ ತಪ್ಪಿ ತಗುಲಿದರೆ ಲೋಹವೇ ಕರಗೀತು. ಹಾಗಾಗಿ ನೆಗೆಟಿವ್ ತಂತಿ ಮೊದಲು ಹೊರಗೆ. ಆಮೇಲೆ ಸುತ್ತಲಿನ ಧೂಳನ್ನು ಗಾಳಿ ಹೊಡೆದು ಓಡಿಸುತ್ತಾನೆ. ಇಂಟರ್‌ಕೂಲರ್ ಪೈಪಿನ ಕ್ಲಿಪ್ ಸಡಿಲಿಸಿ, ಹೀಟರಿನ ದಪ್ಪ ಕೇಬಲ್ ಬಿಚ್ಚಿ, ಬೋಲ್ಟುಗಳನ್ನು ಒಂದೊಂದಾಗಿ ತೆಗೆದು ತಟ್ಟೆಯಲ್ಲಿ ಎಣಿಸಿ ಇಡುತ್ತಾನೆ. ಅಂಟಿಕೊಂಡ ಹೀಟರನ್ನು ಮೆಲ್ಲಗೆ ಅಲ್ಲಾಡಿಸಿ ಎತ್ತುತ್ತಿದ್ದಂತೆ ಎಂಜಿನ್ನಿನ ಗಂಟಲು ಬಟ್ಟಬಯಲು. ಮರುಗಳಿಗೆಯಲ್ಲೇ ಅದರ ಮೇಲೆ ಶುಭ್ರವಾದ ಬಟ್ಟೆ ಬಿದ್ದಿರಬೇಕು.

ಹಳೆಯ ಪ್ಯಾಕಿಂಗ್ ಕೆರೆಯುವಾಗ ಅವನ ಉಸಿರೂ ನಿಧಾನವಾಗುತ್ತದೆ. ಇಲ್ಲಿ ಒಳಗೆ ಬಿದ್ದದ್ದು ನೇರವಾಗಿ ಸಿಲಿಂಡರಿನ ಹಾದಿ ಹಿಡಿಯುತ್ತದೆ.

ಇದು ಬರಿಯ ಅಂಜಿಕೆಯಲ್ಲ. ಅಮೆರಿಕದ ಡಾಡ್ಜ್ ರಾಮ್ ಪಿಕಪ್‌ಗಳಿಗೆ 2007ರಲ್ಲಿ ಬಂದ ಕಮಿನ್ಸ್ 6.7 ಲೀಟರ್ ಎಂಜಿನ್ನಿನಲ್ಲಿ ಹೀಟರಿನ ಒಳಗಿನ ಬೋಲ್ಟು ಕಾವಿಗೆ ಸವೆದು, ನಟ್ಟು ಸಡಿಲಗೊಂಡು ಕಳಚಿ, ಆರನೆಯ ಸಿಲಿಂಡರಿನೊಳಗೆ ಸೇರಿ ಪಿಸ್ಟನ್ ಹಾಳುಮಾಡಿದ ಪ್ರಸಂಗಗಳುಂಟು. ಅಲ್ಲಿಯ ಎಷ್ಟೋ ಮಾಲೀಕರು ಹೀಟರನ್ನೇ ಬದಲಿಸಿಕೊಳ್ಳುತ್ತಾರೆ.

ಆದ್ದರಿಂದ ಹೊರಬಂದ ಹೀಟರನ್ನು ಹಾಗೇ ಮೂಲೆಗೆ ಸರಿಸಬಾರದು. ಮಸಿ ಒರೆಸಿ, ಪಟ್ಟಿ ಬಿರುಕು ಬಿಟ್ಟಿದೆಯೇ, ಟರ್ಮಿನಲ್ ಸುಟ್ಟಿದೆಯೇ, ನಟ್ಟು ಅಲುಗುತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಮತ್ತೆ ಕೂರಿಸುವಾಗ ಪ್ಯಾಕಿಂಗ್ ಹೊಸದೇ ಇರಲಿ. ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯಲಿ. ಕೊಬ್ಬರಿ ಲೋಡು ಹೊತ್ತು ಚಳಿಗಾಲದಲ್ಲಿ ಉತ್ತರಕ್ಕೆ ಹೊರಡುವ ಲಾರಿಯ ಮಾಲೀಕರು, ಹೀಟರ್ ಇರುವ ಎಂಜಿನ್ನಾದರೆ, ಬಾಡಿಗೆ ಒಪ್ಪಿಕೊಳ್ಳುವ ಮುನ್ನ ಈ ಕೆಲಸಕ್ಕೆ ಒಂದಿಷ್ಟು ಹೊತ್ತು ಬಿಡುವು ಮಾಡಿಕೊಡಲಿ.