ಯಾವ ಬೋರ್ಡು, ಮಾವ?

ಹೊಸ ಡೆಸ್ಕ್‌ಟಾಪ್ ಕಟ್ಟಿಸುವವರ ಮನೆಯಲ್ಲಿ ಪ್ರೊಸೆಸರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಜಗಳವೇ ಆಗುತ್ತದೆ. ಮದರ್‌ಬೋರ್ಡಿನ ಸರದಿ ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ತಾಳ್ಮೆಯೂ. ‘ಯಾವುದಾದರೂ ಒಂದು ಹಾಕಿಬಿಡಿ’ ಎನ್ನುತ್ತಾರೆ. ಸೀರೆ, ಒಡವೆಗೆ ತಿಂಗಳುಗಟ್ಟಲೆ ಅಲೆದು ಅಡುಗೆ ಭಟ್ಟರನ್ನು ಮದುವೆಯ ಹಿಂದಿನ ದಿನ ಹುಡುಕಿದ ಹಾಗೆ.

2020ರ ಬೇಸಿಗೆ. ಕಾಲೇಜು ಮುಚ್ಚಿತ್ತು. ಸಾಗರದ ಹತ್ತಿರ ಅಕ್ಕನ ಮನೆ. ಅವಳ ಮಗಳು ಆನಿಮೇಷನ್ ಕಲಿಯುತ್ತಿದ್ದಳು. ಬ್ಲೆಂಡರ್‌ನಲ್ಲಿ ಹತ್ತು ಸೆಕೆಂಡಿನ ದೃಶ್ಯ ಮೂಡಿಸಲು ಅವಳ ಹಳೆಯ ಲ್ಯಾಪ್‌ಟಾಪ್ ಇಡೀ ರಾತ್ರಿ ಉಸಿರು ಬಿಡುತ್ತಿತ್ತು. ಭಾವ ಅಡಿಕೆ ದುಡ್ಡಿನಲ್ಲಿ ಒಂದು ಮೊತ್ತ ಎತ್ತಿಟ್ಟು, ‘ಇನ್ನು ಐದು ವರ್ಷ ಕಂಪ್ಯೂಟರ್ ಅಂತ ನನ್ನ ಹತ್ರ ಬರಬಾರದು’ ಎಂದಿದ್ದರು. ಆ ಐದು ವರ್ಷ ಎಂಬ ಮಾತಿನಿಂದಲೇ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮದರ್‌ಬೋರ್ಡಿನದಾಯಿತು.

ಪ್ರೊಸೆಸರ್ ತೀರ್ಮಾನವಾಗಿತ್ತು: ಎಎಂಡಿಯ ಆರು ಕೋರಿನ ರೈಜನ್ 3600. ಅದು ಕೂರುವ ಎಎಂ4 ಸಾಕೆಟ್ಟಿನ ಬೋರ್ಡುಗಳಲ್ಲಿ ಮೂರು ಜಾತಿ ನಮ್ಮ ಮುಂದಿದ್ದವು. ಬಿ450 ಹಳೆಯದು, ಅಗ್ಗ. ಎಕ್ಸ್570 ಹಿಂದಿನ ವರ್ಷ ಬಂದದ್ದು, ದುಬಾರಿ. ಬಿ550 ಆ ಜೂನಿನಲ್ಲಿ ಆಗಷ್ಟೇ ಹೊರಬಿದ್ದಿತ್ತು. ನಾವು ನೋಡಿದಲ್ಲೆಲ್ಲ ಬಿ450ಕ್ಕಿಂತ ನಾಲ್ಕೈದು ಸಾವಿರ ಹೆಚ್ಚು. ಅಂಗಡಿಯವರು ಬಾಯಿಬಿಟ್ಟು ಹೇಳದ ಸಂಗತಿಯೆಂದರೆ, ಅದೇ ಪ್ರೊಸೆಸರನ್ನು ಮೂರರಲ್ಲಿ ಯಾವುದಕ್ಕೆ ಹಾಕಿದರೂ ವೇಗ ಹೆಚ್ಚುಕಮ್ಮಿ ಒಂದೇ. ಭಾವ ಕೇಳಿದ್ದೂ ಅದನ್ನೇ. ‘ಜೋರಾಗಿ ಓಡದೇ ಇರೋದಕ್ಕೆ ನಾಲ್ಕು ಸಾವಿರ ಜಾಸ್ತಿ ಯಾಕೆ ಕೊಡಬೇಕು ಮಾರಾಯ?’

ನ್ಯಾಯವಾದ ಪ್ರಶ್ನೆ. ನನಗೆ ಆಗ ಹೊಳೆದದ್ದು ಅವರ ತೋಟದ ಬದಿಯ ಟಿಸಿ. ದೊಡ್ಡ ತಂತಿಯಲ್ಲಿ ಬಂದ ಕರೆಂಟನ್ನು ಪಂಪ್‌ಸೆಟ್ಟಿಗೆ ಒಗ್ಗುವಂತೆ ಇಳಿಸಿ ಕೊಡುವ ಆ ಟ್ರಾನ್ಸ್‌ಫಾರ್ಮರ್ ಇದೆಯಲ್ಲ, ಮದರ್‌ಬೋರ್ಡಿನಲ್ಲೂ ಅಂಥದೊಂದು ಇದೆ. ಪ್ರೊಸೆಸರಿನ ಪಕ್ಕ ಸಾಲಾಗಿ ಕೂತ ಚೌಕ ಚೌಕದ ಕಾಯಿಲ್‌ಗಳು, ಅವುಗಳ ಹಿಂದೆ ಅಲ್ಯೂಮಿನಿಯಂ ತುಂಡಿನ ಅಡಿ ಅವಿತ ಸಣ್ಣ ಸಣ್ಣ ಮಾಸ್‌ಫೆಟ್‌ಗಳು. ಹೆಸರು ವಿಆರ್‌ಎಂ. ಪವರ್ ಸಪ್ಲೈಯಿಂದ ಬಂದ 12 ವೋಲ್ಟನ್ನು ಅದು ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸುತ್ತದೆ. ವೋಲ್ಟ್ ಇಳಿದಷ್ಟೂ ಆಂಪಿಯರ್ ಏರಬೇಕು. 140 ವ್ಯಾಟ್ ತಿನ್ನುವ ಪ್ರೊಸೆಸರಿಗೆ ನೂರು ಆಂಪಿಯರ್ ಮೇಲೆ ಹರಿಯಬೇಕಾಗುತ್ತದೆ. ಬಚ್ಚಲುಮನೆಯ ಎರಡು ಕಿಲೋವ್ಯಾಟಿನ ಗೀಸರ್ ಎಳೆಯುವುದು ಒಂಬತ್ತು ಆಂಪಿಯರ್ ಮಾತ್ರ! ಬೋರ್ಡು ಬಡಕಲಾದರೆ ಈ ಭಾಗ ಕಾದು, ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗವನ್ನೇ ಕಡಿಮೆ ಮಾಡಿಸುತ್ತದೆ.

‘25 ಕೆವಿಎ ಟಿಸಿಗೆ ಹತ್ತು ಪಂಪ್‌ಸೆಟ್ ಹಾಕಿದ ಹಾಗೆ’ ಎಂದೆ. ಭಾವ ಮುಂದೆ ಏನೂ ಕೇಳಲಿಲ್ಲ. ಬೇಸಿಗೆಯಲ್ಲಿ ಟಿಸಿ ಸುಟ್ಟು ವಾರಗಟ್ಟಲೆ ಲೈನ್‌ಮನ್ನಿಗೆ ಕಾದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಈ ವಿಆರ್‌ಎಂ ವಿಚಾರದಲ್ಲಿ ಡಬ್ಬದ ಮೇಲಿನ ಅಂಕಿಗಳನ್ನು ನಾನು ನಂಬುವುದಿಲ್ಲ. ‘ಹನ್ನೆರಡು ಫೇಸ್’ ಎಂದು ಬರೆದಿರುತ್ತದೆ, ಬಿಚ್ಚಿ ನೋಡಿದರೆ ಆರನ್ನೇ ಎರಡೆರಡಾಗಿ ಕವಲೊಡೆಸಿರುತ್ತಾರೆ. ಡಬ್ಬವೆಂದರೆ ಪುಸ್ತಕದ ಬೆನ್ನುಡಿ. ಲೇಖಕರ ಸ್ನೇಹಿತರು ಬರೆದದ್ದು. ನಿಜವಾದ ಕಥೆ ಕೈಪಿಡಿಯ ಅಡಿಟಿಪ್ಪಣಿಯಲ್ಲಿರುತ್ತದೆ. ಎರಡನೇ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಐದು ಮತ್ತು ಆರನೇ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ ಎಂಬಂಥ ಮಾತು ಅಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಸಿಗುತ್ತದೆ. ನೋಡಲು ಉದ್ದದ ಹದಿನಾರು ಲೇನಿನ ಸ್ಲಾಟು, ಒಳಗೆ ತಂತಿ ಎಳೆದದ್ದು ನಾಲ್ಕಕ್ಕೆ ಮಾತ್ರ ಎಂಬುದೂ ಅಲ್ಲೇ. ಹುಡುಗಿ ಮೂರು ಕೈಪಿಡಿಗಳನ್ನು ಫೋನಿಗೆ ಇಳಿಸಿಕೊಂಡು ಕಾದಂಬರಿಯಂತೆ ಓದಿದಳು.

ಎಕ್ಸ್570 ಬೇಗ ಬಿದ್ದುಹೋಯಿತು. ಅದರ ಚಿಪ್‌ಸೆಟ್ಟು ಬಿಸಿಯಾಗುತ್ತದೆಂದು ಬಹುತೇಕ ಬೋರ್ಡುಗಳಲ್ಲಿ ಅದರ ಮೇಲೊಂದು ಪುಟಾಣಿ ಫ್ಯಾನು. ನಾಲ್ಕು ತಿಂಗಳು ಬಟ್ಟೆ ಒಣಗದ ಊರಿನಲ್ಲಿ, ಒಲೆ ಹೊಗೆಯ ಮನೆಯಲ್ಲಿ, ಅಷ್ಟು ಸಣ್ಣ ಫ್ಯಾನು ಐದು ವರ್ಷ ತಿರುಗುತ್ತದೆಂಬ ನಂಬಿಕೆ ನನಗಿಲ್ಲ. ಬಣ್ಣದ ದೀಪಗಳಿದ್ದ ಬೋರ್ಡೊಂದರ ಮೇಲೆ ಅವಳಿಗೆ ಸ್ವಲ್ಪ ಆಸೆ ಇತ್ತು. ‘ಸೀರಿಯಲ್ ಸೆಟ್ಟು ಗಣಪತಿ ಹಬ್ಬಕ್ಕೆ ಸಾಕು’ ಎಂದು ಅಕ್ಕ ಅದನ್ನು ಒಂದೇ ಏಟಿಗೆ ಮುಗಿಸಿದಳು.

ಉಳಿದದ್ದು ಬಿ450, ಬಿ550. ಇಲ್ಲಿ ವಿಷಯ ಲೋಹದ್ದಲ್ಲ, ಮಾತಿನದು. ಆ ಮೇ ತಿಂಗಳ ಮೊದಲಲ್ಲಿ ಎಎಂಡಿ, ಮುಂದಿನ ತಲೆಮಾರಿನ ಪ್ರೊಸೆಸರುಗಳು 500ರ ಸಾಲಿನ ಬೋರ್ಡುಗಳಲ್ಲಿ ಮಾತ್ರ ನಡೆಯುತ್ತವೆ ಎಂದಿತು. ಕೊಟ್ಟ ಕಾರಣ, ಬಯೋಸ್ ಇಡುವ ಚಿಪ್ಪಿನಲ್ಲಿ ಜಾಗವಿಲ್ಲ. ಅನೇಕ ಹಳೆಯ ಬೋರ್ಡುಗಳಲ್ಲಿ ಆ ಚಿಪ್ಪು ಬರೀ 16 ಎಂಬಿ. ಬೆಂಬಲಿಸುವ ಪ್ರತಿ ಪ್ರೊಸೆಸರಿಗೂ ಅದರಲ್ಲಿ ಒಂದಿಷ್ಟು ಜಾಗ ಬೇಕು. ಜಗತ್ತಿನಾದ್ಯಂತ ಬಿ450 ಕೊಂಡವರು ಬೊಬ್ಬೆ ಹಾಕಿದರು. ಎರಡು ವಾರ ಕಳೆಯುವುದರೊಳಗೆ ಕಂಪನಿ ಮಾತು ಬದಲಿಸಿತು: ಕೊಡುತ್ತೇವೆ, ಬೀಟಾ ಬಯೋಸ್ ರೂಪದಲ್ಲಿ, ಮುಂದೆ.

‘ಹಂಗಾದ್ರೆ ಬಿ450 ತಗೊಂಡು ಉಳಿದ ದುಡ್ಡಿಗೆ ರ‍್ಯಾಮ್ ಹಾಕೋದು ಒಳ್ಳೇದಲ್ವಾ?’ ಎಂದೆ. ಬ್ಲೆಂಡರಿಗೆ ಮೆಮೊರಿ ಎಷ್ಟಿದ್ದರೂ ಸಾಲದು.

‘ಎರಡು ವಾರದಲ್ಲಿ ಬದಲಾದ ಮಾತು ಎರಡು ವರ್ಷ ಹಂಗೇ ಇರುತ್ತೆ ಅಂತ ನೀ ಹೇಳ್ತೀಯಾ ಮಾವ? ರ‍್ಯಾಮ್ ಆಮೇಲೂ ಸೇರಿಸಬಹುದು, ಬೋರ್ಡು ಸೇರಿಸಕ್ಕಾಗಲ್ಲ.’

ಅವಳ ಇನ್ನೊಂದು ವಾದ ನಾನು ಎಲ್ಲೂ ಓದಿರದಿದ್ದದ್ದು. ಪ್ರತಿ ವರ್ಷ ಮುಂಗಾರಿನ ಮುಂಚಿನ ಗುಡುಗಿಗೆ ಅವರ ಊರಿನಲ್ಲಿ ಮೋಡೆಮ್‌ಗಳು ಸಾಯುತ್ತವೆ, ಕೆಲವೊಮ್ಮೆ ತಂತಿ ಹಿಡಿದು ಬಂದು ಕಂಪ್ಯೂಟರಿನ ಲ್ಯಾನ್ ಪೋರ್ಟನ್ನೂ ಒಯ್ಯುತ್ತವೆ. ಆದ್ದರಿಂದ ಗ್ರಾಫಿಕ್ಸ್ ಕಾರ್ಡು ಕೂತ ಮೇಲೂ ಒಂದು ಸಣ್ಣ ಸ್ಲಾಟು ಬರಿದಾಗಿ ಉಳಿಯುವ ಬೋರ್ಡೇ ಬೇಕು. ದಪ್ಪ ಕಾರ್ಡಿನ ಕೆಳಗೆ ಮುಚ್ಚಿಹೋಗುವ ಸ್ಲಾಟು ಲೆಕ್ಕಕ್ಕಿಲ್ಲ. ಮಿಲಿಮೀಟರ್ ಲೆಕ್ಕ ಹಾಕಿ ಮೂರು ಬಿ550ಗಳಲ್ಲಿ ಎರಡನ್ನು ಹೊಡೆದುಹಾಕಿದಳು.

ಉಳಿದ ಒಂದನ್ನು ಲಾಕ್‌ಡೌನ್ ಸಡಿಲವಾದಾಗ ಎಸ್‌ಪಿ ರೋಡಿನಲ್ಲಿ ಹುಡುಕಿ ತಂದೆ. ‘ಎಲ್ಲಾ ಒಂದೇ ಸಾರ್, ಇದ್ ತಗೊಳ್ಳಿ’ ಎಂದು ಬೇರೊಂದನ್ನು ಮುಂದೆ ತಳ್ಳಿದವರೂ ಇದ್ದರು.

2020ರ ನವೆಂಬರಿನಲ್ಲಿ ರೈಜನ್ 5000 ಬಂತು. ಮರುವರ್ಷದ ಆರಂಭದಲ್ಲಿ ಬಿ450ಗೂ ಬೀಟಾ ಬಯೋಸ್‌ಗಳು ಬಂದವು; ಕಂಪನಿ ಮಾತು ಉಳಿಸಿಕೊಂಡಿತು. 2022ರಲ್ಲಿ, ಬೆಲೆ ಇಳಿದ ಮೇಲೆ, ಇವಳು ತನ್ನ ಮೊದಲ ಗಳಿಕೆಯಲ್ಲಿ ಹನ್ನೆರಡು ಕೋರಿನ 5900ಎಕ್ಸ್ ಹಾಕಿಕೊಂಡಳು. ಅವಳ ಸಹಪಾಠಿಯೊಬ್ಬ ಅದನ್ನೇ ತನ್ನ ಅಗ್ಗದ ಬಿ450ಗೆ ಹಾಕಿದ. ನಡೆಯುತ್ತದೆ. ಉದ್ದದ ರೆಂಡರಿಗೆ ಕೂರಿಸಿದಾಗ ಮಾತ್ರ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡುತ್ತಾನಂತೆ.

ಕಳೆದ ಮೇ ತಿಂಗಳಲ್ಲಿ ಗುಡುಗಿಗೆ ಇವಳ ಬೋರ್ಡಿನ ಲ್ಯಾನ್ ಪೋರ್ಟು ಹೋಯಿತು. ನನಗೆ ಫೋನ್ ಬಂದದ್ದು ಬೋರ್ಡಿನ ಬಗ್ಗೆ ಅಲ್ಲ, ಎಸ್‌ಪಿ ರೋಡಿನಲ್ಲಿ ಲ್ಯಾನ್ ಕಾರ್ಡಿಗೆ ಎಷ್ಟಿದೆ ಎಂದು ಕೇಳಲು.